ನೀವು ತುಂಬಿಸಿಟ್ಟು ಹೋದ ಟ್ಯಾಂಕು

ಕಪ್ತಾನ ಭಾವನವರಿಗೆ,

ನಾವೆಲ್ಲ ಕ್ಷೇಮ. ನಿಮ್ಮ ಕ್ಷೇಮವನ್ನು ನಾನು ವಿಚಾರಿಸುವುದಿಲ್ಲ, ತಪ್ಪು ತಿಳಿಯಬೇಡಿ. ನಿಮ್ಮಂಥವರು ಎಲ್ಲಿದ್ದರೂ ಹೇಗೋ ಕ್ಷೇಮವಾಗಿಯೇ ಇರುತ್ತಾರೆ. ವಿಚಾರಿಸಬೇಕಾದದ್ದು ಅವರು ಬಿಟ್ಟುಹೋದವರನ್ನು. ನೀವು ಅದನ್ನು ಮಾಡಲಿಲ್ಲ, ಇನ್ನು ಮಾಡುವ ಅಗತ್ಯವೂ ಇಲ್ಲ.

ಈ ಕಾಗದವನ್ನು ಅಕ್ಕ ಬರೆಯಬೇಕಿತ್ತು. ಅವಳಿಗೆ ಪುರುಸೊತ್ತಿಲ್ಲ. ಸಂಜೆ ಹೊತ್ತು ಅವಳಿಗೀಗ ಕೆಲಸವಿದೆ, ಏನು ಕೆಲಸ ಅಂತ ಆಮೇಲೆ ಹೇಳುತ್ತೇನೆ. ಆದ್ದರಿಂದ ನಿಮ್ಮ ನಾದಿನಿ, ಅಂದರೆ ನೀವೇ ಹೆಸರಿಟ್ಟ ‘ಸೂಜಿ’, ಬರೆಯುತ್ತಿದ್ದೇನೆ. ದೋಣಿಗಳಿಗೆ ತಾಡಪಾಲು ಹೊಲಿಯುವವಳ ಕೈಯಲ್ಲೂ ಸೂಜಿ, ಬಾಯಲ್ಲೂ ಸೂಜಿ ಅಂತ ದೋಣಿ ಕಟ್ಟುವ ಜೆಟ್ಟಿಯ ತುಂಬ ಹೇಳಿ ನಗಿಸಿದ್ದಿರಿ. ನಿಮ್ಮ ದೋಣಿಗೆ ನಾನು ಹೊಲಿದುಕೊಟ್ಟ ಹೊದಿಕೆಯನ್ನು ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, ‘ಹೊಲಿಗೆ ಸ್ವಲ್ಪ ಓರೆ ಇದೆ’ ಅಂದಿದ್ದಿರಿ. ಆ ಓರೆ ಹೊಲಿಗೆ ಆರು ವರ್ಷ ಬಿಸಿಲು ಮಳೆ ತಡೆದುಕೊಂಡು ಇದ್ದ ಜಾಗದಲ್ಲೇ ಇತ್ತು. ನೆಟ್ಟಗಿದ್ದವರು ಎಲ್ಲಿದ್ದರು ಅನ್ನುವುದು ನಿಮಗೇ ಗೊತ್ತು.

ಹೋದ ತಿಂಗಳು ನೀವು ಫೋನ್ ಮಾಡಿದಿರಲ್ಲ, ಅಲ್ಲಿಂದ ಶುರು ಮಾಡುತ್ತೇನೆ. ಇಷ್ಟು ವರ್ಷದಲ್ಲಿ ಅದೇ ಮೊದಲ ಫೋನು. ಅದೂ ಹೆಂಡತಿಗಲ್ಲ, ಅತ್ತೆಗೆ. ಎಲ್ಲಿ ನೆಲ ಮೆತ್ತಗಿದೆಯೋ ಅಲ್ಲಿ ಕಾಲಿಡುವ ನಿಮ್ಮ ಅಭ್ಯಾಸ ಹೋಗಿಲ್ಲ. ಅಮ್ಮನಿಗೆ ಕಿವಿ ಮಂದ, ಫೋನಿನ ಸದ್ದನ್ನು ದೊಡ್ಡದು ಮಾಡಿಕೊಂಡೇ ಮಾತಾಡುತ್ತಾಳೆ, ಹಾಗಾಗಿ ಪಕ್ಕದಲ್ಲಿ ಕೂತಿದ್ದ ನಾನೂ ಪೂರ್ತಿ ಕೇಳಿಸಿಕೊಂಡೆ. ‘ಅತ್ತೆ, ವಾಪಸ್ ಬಂದ್ಬಿಡೋಣ ಅಂತಿದ್ದೀನಿ. ಆಗಿದ್ದು ಆಗೋಯ್ತು, ಎಲ್ಲ ಹೊಟ್ಟೆಗೆ ಹಾಕ್ಕೊಳ್ಳಿ. ದೋಣಿ ಹಾಗೇ ಇದೆ ತಾನೆ? ಟ್ಯಾಂಕ್ ತುಂಬ್ಸಿಟ್ಟೇ ಬಂದಿದ್ದೆ, ನೆನಪಿದೆಯಲ್ಲ?’ ಇಷ್ಟು ದಿನ ಎಲ್ಲಿದ್ದಿರಿ, ಯಾಕೆ ಒಂದು ಮಾತೂ ಇರಲಿಲ್ಲ, ಅಕ್ಕ ಹೇಗಿದ್ದಾಳೆ, ಯಾವುದೂ ಬರಲಿಲ್ಲ ನಿಮ್ಮ ಬಾಯಲ್ಲಿ. ಟ್ಯಾಂಕಿನ ನೆನಪು ಮಾತ್ರ ಚೆನ್ನಾಗಿತ್ತು.

ಅಮ್ಮ ಫೋನ್ ಇಟ್ಟವಳೇ ನನ್ನ ಕಡೆ ಗೆದ್ದವಳಂತೆ ನೋಡಿದಳು. ‘ನಾನು ಹೇಳ್ತಿರ್ಲಿಲ್ವಾ? ಬಿಟ್ಟು ಹೋಗೋ ಗಂಡಸು ಟ್ಯಾಂಕ್ ತುಂಬ್ಸಿ ಹೋಗ್ತಾನಾ? ವಾಪಸ್ ಬರೋನೇ ತುಂಬ್ಸೋದು.’ ಈ ಒಂದು ಮಾತನ್ನು ಅವಳು ಆರು ವರ್ಷದಿಂದ ನೆರೆಹೊರೆಯವರಿಗೂ ನೆಂಟರಿಗೂ ಹೇಳಿ ಹೇಳಿ ನುಣ್ಣಗೆ ಮಾಡಿದ್ದಳು. ಅವತ್ತೇ ಪೆಟ್ಟಿಗೆ ತೆಗೆದು ನಿಮ್ಮ ಶರ್ಟುಗಳನ್ನು ಹೊರಗೆ ಹಾಕಿದಳು. ಒಗೆದಳು, ಇಸ್ತ್ರಿ ಮಾಡಿದಳು, ಗುಂಡಿ ಕಿತ್ತುಹೋಗಿದ್ದ ಕಡೆ ನನ್ನಿಂದಲೇ ಗುಂಡಿ ಹಾಕಿಸಿದಳು. ಆ ಆಕಾಶನೀಲಿ ಶರ್ಟು ನೆನಪಿದೆಯಾ, ಕಾಲರ್ ಎತ್ತಿ ಹಾಕಿಕೊಂಡು ಜೆಟ್ಟಿಯ ಮೇಲೆ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದಿರಲ್ಲ, ಅದನ್ನು ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದಳು. ಮನೆಯೊಳಗೆ ಬರುವಾಗ ಹೋಗುವಾಗ ನಿಮ್ಮ ತೋಳು ನನ್ನ ಮುಖಕ್ಕೆ ಬಡಿಯುತ್ತಿತ್ತು.

ಅಕ್ಕ ಏನು ಮಾಡಿದಳು ಅಂತ ಕೇಳುತ್ತೀರಾ? ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಅದೇ ವಾರ ಜೆಟ್ಟಿಯ ಮ್ಯಾನೇಜರ್, ಕಿಟಕಿಯಲ್ಲಿ ಕೂತು ಟಿಕೆಟ್ ಕೊಡುತ್ತಿದ್ದ ಅವಳನ್ನು ಒಳಗೆ ಕರೆದಿದ್ದರು. ಸಂಜೆಯ ದೊಡ್ಡ ದೋಣಿ ನಿಂತುಹೋಗಿ ಆಚೆ ದಡದವರಿಗೆ ತುಂಬ ತೊಂದರೆ. ಆಸ್ಪತ್ರೆಯ ನರ್ಸುಗಳು, ಅಂಗಡಿಯಲ್ಲಿ ನಿಂತು ಕಾಲು ಬಾತ ಹುಡುಗಿಯರು, ಎಲ್ಲರೂ ಸೇತುವೆ ಸುತ್ತಿಕೊಂಡು ಮನೆ ಸೇರಬೇಕು. ಸಣ್ಣ ದೋಣಿ ಇದ್ದವರಿಗೆ ಸಂಜೆಯ ಪಾಳಿ ಕೊಡುತ್ತೇವೆ, ನಿನಗೆ ಚುಕ್ಕಾಣಿ ಹಿಡಿಯುವ ಲೈಸೆನ್ಸೂ ಇದೆ, ನಡೆಸುತ್ತೀಯಾ ಅಂತ ಕೇಳಿದ್ದರು. ಆ ಲೈಸೆನ್ಸು ಹೇಗೆ ಬಂತು ಅನ್ನುವುದು ನಿಮಗೆ ಮರೆತಿರಲಾರದು. ಇಬ್ಬರೂ ಒಟ್ಟಿಗೆ ಪರೀಕ್ಷೆಗೆ ಕೂತು ಅವಳು ಪಾಸಾದಳು, ನೀವು ಫೇಲಾದಿರಿ. ಮತ್ತೆ ಕೂತು ಪಾಸಾದ ದಿನದಿಂದ ಚುಕ್ಕಾಣಿಯನ್ನು ಅವಳ ಕೈಗೆ ಕೊಡಲೇ ಇಲ್ಲ. ಇಷ್ಟಾದರೂ ಅಕ್ಕ ಮ್ಯಾನೇಜರಿಗೆ ಕೊಟ್ಟ ಉತ್ತರ: ‘ಅವರು ಬರ್ತಿದ್ದಾರೆ ಸಾರ್, ಅವರನ್ನ ಕೇಳಿ ಹೇಳ್ತೀನಿ.’ ತಿಂಗಳ ಕೊನೆಯವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಕೊಡುತ್ತೇನೆ ಅಂದರು ಅವರು.

ನನಗೆ ಮೈಯೆಲ್ಲ ಉರಿದುಹೋಯಿತು. ಆರು ವರ್ಷ ಕಾದವಳ ಮುಂದೆ ಕೊನೆಗೂ ಒಂದು ಬಾಗಿಲು ತೆರೆದಿದೆ, ಅವಳು ಒಳಗೆ ಹೋಗಲು ನಿಮ್ಮ ಅಪ್ಪಣೆ ಬೇಕಂತೆ. ನೀವು ಬಂದರೆ ಏನಾಗುತ್ತದೆ ಅಂತ ನನಗೆ ಅಂಗೈಯಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಪಾಳಿ ನಿಮ್ಮ ಹೆಸರಿಗೆ, ಚುಕ್ಕಾಣಿ ನಿಮ್ಮ ಕೈಗೆ, ಅಕ್ಕ ಮತ್ತೆ ಕಿಟಕಿಯ ಹಿಂದೆ. ಮತ್ತೆ ಒಂದು ದಿನ ನಿಮಗೆ ಬೇಜಾರಾಗುತ್ತದೆ, ಮತ್ತೆ ಟ್ಯಾಂಕ್ ತುಂಬಿಸುತ್ತೀರಿ.

ನೀವು ಹೋದ ದಿನ ನಾನೂ ಅಲ್ಲಿದ್ದೆ. ಯಾರು ಯಾರೋ ಬಳಸಿ ನಿಮ್ಮ ಕೈಗೆ ಬಂದ ಹಳೆಯ ದೋಣಿ ಅದು. ಅದರ ತೇಪೆಗಳನ್ನು ಉಜ್ಜಿ ಬಣ್ಣ ಬಳಿದವಳು ಅಕ್ಕ, ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡವರು ನೀವು. ಆವತ್ತು ಅದನ್ನು ನೀರಿನಿಂದ ಎತ್ತಿ, ಬಲೆ ಹೆಣೆಯುವ ತಾತನ ಶೆಡ್ಡಿನ ಪಕ್ಕ ಮರದ ಕಾಲುಗಳ ಮೇಲೆ ಕೂರಿಸಿದ್ದಿರಿ. ಬೇರೆ ಬಂದರಿನಲ್ಲಿ ಹೂಳೆತ್ತುವ ಕೆಲಸ, ಒಂದೇ ಸೀಸನ್, ಆಮೇಲೆ ಬರುತ್ತೇನೆ ಅಂದಿರಿ. ಲಾಂಚು ಕಾಯುತ್ತಿತ್ತು. ಅಕ್ಕನನ್ನು ಟಿಕೆಟ್ ಕಿಟಕಿಯಿಂದ ಕರೆಸಿ, ಟ್ಯಾಂಕಿನ ಮುಚ್ಚಳ ತೆಗೆದು, ಅಳತೆಯ ಕೋಲನ್ನು ಕರ್ಚೀಫಿನಿಂದ ಒರೆಸಿ, ಎಲ್ಲರಿಗೂ ಕಾಣುವ ಹಾಗೆ ಒಳಗಿಳಿಸಿ ಎತ್ತಿದಿರಿ. ಕೋಲು ಮೇಲಿನ ಗೀಟಿನವರೆಗೂ ಒದ್ದೆಯಾಗಿ, ಡೀಸೆಲ್ ವಾಸನೆ ಹೊಡೆಯುತ್ತಾ ಹೊಳೆಯುತ್ತಿತ್ತು. ‘ನೋಡು, ಕಂಠದವರೆಗೂ ತುಂಬ್ಸಿದ್ದೀನಿ. ಇದನ್ನ ಖಾಲಿ ಮಾಡೋಕಾದ್ರೂ ಬರ್ಬೇಕಲ್ಲ ನಾನು. ಆದ್ರೆ ಒಂದು ಮಾತು, ಇಂಜಿನ್ ಮಾತ್ರ ಯಾರೂ ಮುಟ್ಬಾರ್ದು. ಅದು ನನ್ನ ಕೈಗೆ ಒಗ್ಗಿರೋದು, ಬೇರೆಯವರು ಸ್ಟಾರ್ಟ್ ಮಾಡಿದ್ರೆ ಕೆಟ್ಟೋಗುತ್ತೆ.’ ಅಕ್ಕನ ಕಣ್ಣು ತುಂಬಿಬಂದಿತ್ತು. ನನ್ನ ಕಣ್ಣೂ ಸ್ವಲ್ಪ ಒದ್ದೆಯಾಯಿತು ಅನ್ನುವುದನ್ನು ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಸೀಸನ್ ಮುಗಿಯಿತು. ನೀವು ಬರಲಿಲ್ಲ. ಅಕ್ಕ ಆಗಾಗ ಹೊದಿಕೆಯ ಹಗ್ಗ ಬಿಚ್ಚಿ, ಮುಚ್ಚಳ ತೆಗೆದು, ಕೋಲು ಇಳಿಸಿ ನೋಡುತ್ತಿದ್ದಳು. ಒಂದು ಗೀಟೂ ಇಳಿದಿಲ್ಲ ಅಂತ ಬಂದು ಅಮ್ಮನಿಗೆ ಹೇಳುತ್ತಿದ್ದಳು. ಇಂಜಿನ್ನನ್ನೇ ಚಾಲೂ ಮಾಡದಿದ್ದರೆ ಅದು ಎಲ್ಲಿ ಇಳಿಯುತ್ತದೆ ಅಂತ ನಾನು ಕೇಳಿದರೆ ಇಬ್ಬರೂ ನನ್ನನ್ನು ಕೆಟ್ಟ ಶಕುನ ನುಡಿದವಳನ್ನು ನೋಡುವಂತೆ ನೋಡುತ್ತಿದ್ದರು. ಒಂದು ಸಲ ನಾನು ರೇಗಿ, ಆ ಇಂಜಿನ್ನಿನ ಕೀಲಿ ಕೊಡು, ಚಾಲೂ ಮಾಡೇಬಿಡುತ್ತೇನೆ ಅಂತ ಹೊರಟಾಗ ಅಕ್ಕ ಬಾಗಿಲಿಗೆ ಅಡ್ಡ ನಿಂತಳು. ‘ಅವರು ಬೇಡ ಅಂದಿದ್ದಾರೆ’ ಅಂದಳು, ಅಷ್ಟೇ. ಯಾರಾದರೂ ಕನಿಕರ ತೋರಿಸಲು ಬಂದರೆ ಅವಳ ಹತ್ತಿರ ಹೇಳಲು ಇದ್ದದ್ದು ಅದೊಂದೇ, ಟ್ಯಾಂಕ್ ತುಂಬಿದೆ ಅನ್ನುವುದು. ಅದನ್ನು ಹೇಳುವಾಗ ಅವಳ ಬೆನ್ನು ಸ್ವಲ್ಪ ನೆಟ್ಟಗಾಗುತ್ತಿತ್ತು. ಆದ್ದರಿಂದ ನಾನೂ ಬಾಯಿಗೆ ಬೀಗ ಹಾಕಿಕೊಂಡೆ.

ಈಗ ಇದನ್ನು ಸ್ವಲ್ಪ ಗಮನವಿಟ್ಟು ಓದಿ, ಭಾವ. ಆ ಟ್ಯಾಂಕನ್ನು ತೆರೆಸಿದ್ದು ನಾನಲ್ಲ. ನಿಮ್ಮ ಫೋನು. ನೀವು ಬರುತ್ತೀರಿ ಅಂತ ಗೊತ್ತಾದ ಮೇಲೆ ಅಕ್ಕನಿಗೆ ಹೊಸ ಚಿಂತೆ ಹತ್ತಿತು. ಇಷ್ಟು ವರ್ಷದ ಹಳೇ ಡೀಸೆಲ್, ಅದರಲ್ಲೇ ಸ್ಟಾರ್ಟ್ ಮಾಡಿದರೆ ಇಂಜಿನ್ ಕೆಡುತ್ತದೆ ಅಂತ ವರ್ಕ್‌ಶಾಪಿನ ಮೆಕ್ಯಾನಿಕ್ ಯಾರಿಗೋ ಹೇಳುತ್ತಿದ್ದದ್ದನ್ನು ಅವಳು ಕೇಳಿಸಿಕೊಂಡಿದ್ದಳು. ‘ಬಂದ ದಿನಾನೇ ದೋಣಿ ಸ್ಟಾರ್ಟ್ ಆಗ್ದಿದ್ರೆ ಪಾಪ ಬೇಜಾರು ಮಾಡ್ಕೋತಾರೆ ಕಣೇ. ಇಂಜಿನ್ ಮುಟ್ಟೋದು ಬೇಡ. ಹಳೇದು ತೆಗೆದು ಹೊಸದು ತುಂಬ್ಸಿ ಇಟ್ಬಿಡೋಣ.’ ಬಿಟ್ಟುಹೋದವನಿಗೆ ಬೇಜಾರಾಗಬಾರದು ಅಂತ ಅವನೇ ಬಿಟ್ಟುಹೋದ ಹೆಂಡತಿ ಡ್ರಮ್ಮು, ಪಂಪು, ಕೈಗವಸು ಹೊಂದಿಸಿಕೊಂಡು ಓಡಾಡಿದಳು. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ.

ಒಂದು ಭಾನುವಾರ ಬೆಳಗ್ಗೆ ಶುರು ಮಾಡಿದೆವು. ಅಮ್ಮ ಒಂದು ಸ್ಟೂಲ್ ತಂದು ನೆರಳಲ್ಲಿ ಕೂತಳು, ಅಳಿಯನ ಆಸ್ತಿ ಸೋರಿಹೋಗದ ಹಾಗೆ ಕಾಯಲು. ಬಲೆ ತಾತ ತನ್ನ ಶೆಡ್ಡಿನ ಬಾಗಿಲಲ್ಲಿ ಕೂತು ಬಲೆಗೆ ಗಂಟು ಹಾಕುತ್ತಾ ಕೇಳದಿದ್ದರೂ ಸಲಹೆ ಕೊಟ್ಟ. ‘ಇಷ್ಟೆಲ್ಲ ಯಾಕಮ್ಮ ತಾಪತ್ರಯ? ಕತ್ತಲಾದ್ಮೇಲೆ ಪೈಪ್ ಇಟ್ಟು ನೀರಿಗೆ ಬಿಟ್ಬಿಡಿ. ಎಲ್ಲರೂ ಮಾಡೋದು ಅದೇ.’ ಎಲ್ಲರೂ ಮಾಡುವುದು ಅದೇ ಆದ್ದರಿಂದಲೇ ತಾತನ ಬಲೆಗೆ ಈಗ ಮೀನು ಬೀಳುವುದಿಲ್ಲ ಅಂತ ನಾನು ಹೇಳಿದ ಮೇಲೆ ಮತ್ತೆ ತನ್ನ ಗಂಟಿಗೆ ತಿರುಗಿದ.

ಟ್ಯಾಂಕಿನ ಅಡಿಯಲ್ಲಿ ಒಂದು ತಿರುಪಿನ ನಲ್ಲಿ ಇದೆಯಲ್ಲ. ಹಳೆಯ ಟ್ಯಾಂಕಿನಲ್ಲಿ ತಳಕ್ಕೆ ಸ್ವಲ್ಪ ನೀರು ಕೂತಿರುತ್ತದೆ, ಡೀಸೆಲ್ ಹಗುರ, ನೀರು ಭಾರ, ಆದ್ದರಿಂದ ಮೊದಲು ಕೆಳಗಿನಿಂದ ಆ ನೀರು ತೆಗೆದು ಆಮೇಲೆ ಡೀಸೆಲ್ ಇಳಿಸಿ ಅಂತ ಮೆಕ್ಯಾನಿಕ್ ಹೇಳಿ ಕಳಿಸಿದ್ದ. ಎರಡರ ವ್ಯತ್ಯಾಸ ಕಾಣಲಿ ಅಂತ ಅಕ್ಕ ಉಪ್ಪಿನಕಾಯಿಯ ಒಂದು ಗಾಜಿನ ಬಾಟಲಿಯನ್ನು ತೊಳೆದು ತಂದಿದ್ದಳು. ನಲ್ಲಿ ತುಕ್ಕು ಹಿಡಿದು ಕಚ್ಚಿಕೊಂಡಿತ್ತು, ತಂತಿ ಹಾಕಿ ಕೆದಕಿದ ಮೇಲೆ ಸುರಿಯತೊಡಗಿತು. ಬಾಟಲಿ ತುಂಬಿತು. ಅಕ್ಕ ಬಿಸಿಲಿಗೆ ಹಿಡಿದು ನೋಡಿದಳು. ತುಕ್ಕಿನ ಬಣ್ಣದ ನೀರು. ‘ಇದು ತಳದ್ದು. ಈಗ ಡೀಸೆಲ್ ಬರುತ್ತೆ’ ಅಂದಳು. ಬಕೆಟ್ ಇಟ್ಟೆವು. ಬಕೆಟ್ ತುಂಬಿತು, ನೀರೇ. ‘ಈಗ ಬರುತ್ತೆ’ ಅಂದಳು. ಇನ್ನೊಂದು ಬಕೆಟ್, ನೀರು. ‘ಇನ್ನೇನು ಬರುತ್ತೆ.’ ನಾನು ಬಕೆಟ್ ಎತ್ತಿ ಡ್ರಮ್ಮಿಗೆ ಸುರಿದು ಬರುವುದು, ಅವಳು ನಲ್ಲಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಈಗ ಬರುತ್ತೆ ಅನ್ನುವುದು. ಡ್ರಮ್ಮಿನ ಅರ್ಧ ದಾಟಿದ ಮೇಲೆ ಅವಳು ಆ ಮಾತು ನಿಲ್ಲಿಸಿದಳು. ಭಾವ, ಆ ಮಾತು ನಿಂತ ಗಳಿಗೆ ಇದೆಯಲ್ಲ, ಅದಕ್ಕಾಗಿ ನಾನು ನಿಮ್ಮನ್ನು ಯಾವತ್ತೂ ಕ್ಷಮಿಸುವುದಿಲ್ಲ.

ಕೊನೆಗೆ ಕಪ್ಪು ಲೋಳೆ ಬಂತು. ನೀರೂ ಎಣ್ಣೆಯೂ ಸೇರುವ ಜಾಗದಲ್ಲಿ ಬೆಳೆಯುವ ಪಾಚಿಯಂಥದ್ದು, ಎಳೆದರೆ ಒದ್ದೆ ಚರ್ಮದ ಹಾಗೆ ಬರುತ್ತದೆ. ಅದರ ಹಿಂದೆ ಹಳೇ ಪೇಂಟ್ ಡಬ್ಬಿಯ ವಾಸನೆ ಹೊಡೆಯುವ, ಕಡುಕಂದು ಬಣ್ಣದ ಡೀಸೆಲ್ ಒಂದಿಷ್ಟು. ಮುಕ್ಕಾಲು ಟ್ಯಾಂಕ್ ನೀರು, ಅದರ ಮೇಲೆ ಕಾಲು ಭಾಗ ಎಣ್ಣೆ. ಮೇಲಿನ ದೊಡ್ಡ ಮುಚ್ಚಳ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದೆವು. ಒಳಗಿನ ಗೋಡೆಯ ಮೇಲೆ ನೀರು ನಿಂತಿದ್ದ ಎತ್ತರಕ್ಕೆ ಸುತ್ತಲೂ ತುಕ್ಕು ಗೀಟು ಎಳೆದಿತ್ತು. ಕೋಲಿಗೇನು ನಾಲಿಗೆ ಇದೆಯಾ? ಎಷ್ಟೆತ್ತರ ಒದ್ದೆ ಅಂತ ತೋರಿಸುತ್ತದೆ, ಅಷ್ಟೇ. ಎಷ್ಟಿದೆ ಅಂತ ನಾವು ಆರು ವರ್ಷ ನೋಡಿದೆವು, ಏನಿದೆ ಅಂತ ಒಂದು ದಿನವೂ ನೋಡಲಿಲ್ಲ.

ಅಮ್ಮ ಆಗಲೂ ನಿಮ್ಮ ವಕಾಲತ್ತು ಬಿಡಲಿಲ್ಲ. ‘ಚಳಿಗೆ ಟ್ಯಾಂಕ್ ಬೆವರುತ್ತಂತೆ. ಬೆವರಿ ಬೆವರಿ ನೀರಾಗಿರುತ್ತೆ. ಅವರೇನು ಮಾಡ್ತಾರೆ ಪಾಪ.’ ಬೆವರುವುದು ನಿಜ. ಆದರೆ ಬೆವರು ಬಂದರೆ ಒಂದು ಚೆಂಬು ಬರುತ್ತದೆ, ಸ್ನಾನಕ್ಕಾಗುವಷ್ಟಲ್ಲ. ಇನ್ನು ಕಂಠದವರೆಗೂ ತುಂಬಿದ ಟ್ಯಾಂಕಿನೊಳಗೆ ಅಷ್ಟು ನೀರು ಹೊಸದಾಗಿ ಹುಟ್ಟಿದರೆ ಡೀಸೆಲ್ ಎಲ್ಲಿಗೆ ಹೋಗಬೇಕು, ಆಕಾಶಕ್ಕಾ? ನಾನು ಹೀಗೆ ಅಮ್ಮನ ಜೊತೆ ಜಗಳಕ್ಕೆ ನಿಂತಿದ್ದಾಗ ಬಲೆ ತಾತ ತಲೆ ಕೆರೆದುಕೊಂಡು ಎದ್ದು ಬಂದ. ಡ್ರಮ್ಮಿನೊಳಗೆ ಇಣುಕಿದ. ಬೆರಳು ಅದ್ದಿ ಮೂಸಿ ನೋಡಿದ. ಆಮೇಲೆ ಬಾಯಿಬಿಟ್ಟ. ‘ಹೋಗೋ ಹಿಂದಿನ ದಿನ ನಿಮ್ಮ ಭಾವ ನನ್ನ ನಲ್ಲಿ ಪೈಪ್ ಕೇಳಿ ಇಸ್ಕೊಂಡಿದ್ರು. ದೋಣಿ ತೊಳೀಬೇಕು ಅಂದ್ರು. ಹೊರಡೋ ದಿನ ಲಾಂಚಿಗೆ ಏಳೆಂಟು ಕ್ಯಾನ್ ಏರಿಸಿದ್ರಲ್ಲ, ನಾನೇ ಕೈ ಹಿಡ್ಕೊಟ್ಟೆ. ಕುಡಿಯೋ ನೀರು ಅಂದ್ರು. ಕುಡಿಯೋ ನೀರಿಗೆ ಇದೇನಪ್ಪ ಈ ವಾಸನೆ ಅಂದ್ಕೊಂಡೆ, ನಮಗ್ಯಾಕೆ ಅಂತ ಸುಮ್ನಾದೆ.’

ನೀರು ಅಂತ ಹೇಳಿ ಡೀಸೆಲ್ ಒಯ್ದಿರಿ, ಡೀಸೆಲ್ ಅಂತ ಹೇಳಿ ನೀರು ಬಿಟ್ಟಿರಿ. ಅದನ್ನು ಲಾಂಚಿನವರಿಗೆ ಕೊಟ್ಟು ನಿಮ್ಮ ಪ್ರಯಾಣಕ್ಕೆ ದಾರಿ ಮಾಡಿಕೊಂಡಿರೋ, ಬೇರೆಲ್ಲಿ ಮಾರಿದಿರೋ, ನನಗೆ ಬೇಕಿಲ್ಲ. ಕಳ್ಳತನ ಮಾಡುವವರು ಇದ್ದಾರೆ, ಅದು ಅವರ ಕಸುಬು. ಕದ್ದ ಜಾಗಕ್ಕೆ ನೀರು ತುಂಬಿ, ಮೇಲೆ ಒಂದು ಪದರ ಎಣ್ಣೆ ಉಳಿಸಿ, ಕೋಲು ಅದ್ದಿ ಹೆಂಡತಿಗೆ ತೋರಿಸಿ, ಅವಳ ಕಣ್ಣೀರನ್ನೂ ಇಸಿದುಕೊಂಡು ಹೋಗಲು ಬೇರೆಯದೇ ಜಾತಿಯ ಮನುಷ್ಯ ಬೇಕು. ಅದಕ್ಕೂ ಮೇಲೆ, ಇಂಜಿನ್ ಮುಟ್ಟಬೇಡ ಅನ್ನುವ ಆ ಪ್ರೀತಿಯ ಮಾತು. ಕೈಗೆ ಒಗ್ಗಿದೆಯಂತೆ. ಕೀಲಿ ತಿರುಗಿಸಿದ ಮರುಗಳಿಗೆಯಲ್ಲೇ ನಿಮ್ಮ ಬಣ್ಣ ಬಯಲಾಗುತ್ತಿತ್ತು, ಅದಕ್ಕೆ. ನಾನು ಅವತ್ತು ರೇಗಿ ಹೋಗಿ ಚಾಲೂ ಮಾಡಿದ್ದರೆ ನೀರು ನುಗ್ಗಿ ಇಂಜಿನ್ನಿನ ಪಂಪೇ ಹಾಳಾಗುತ್ತಿತ್ತು ಅಂದ ಮೆಕ್ಯಾನಿಕ್. ಅಕ್ಕ ನಿಮ್ಮ ಮಾತು ಮೀರದೆ ಇದ್ದದ್ದಕ್ಕೆ ದೋಣಿ ಉಳಿಯಿತು. ನಿಮ್ಮನ್ನು ನಂಬಿದ್ದರಿಂದ ಅವಳಿಗೆ ಆದ ಒಂದೇ ಲಾಭ ಅದು.

ಅಕ್ಕ ಅಳಲಿಲ್ಲ. ಕೈಗವಸು ಬಿಚ್ಚಿ ಪಕ್ಕಕ್ಕಿಟ್ಟಳು, ಮತ್ತೆ ಹಾಕಿಕೊಂಡಳು. ‘ಒಳಗೆ ಒರೆಸ್ಬೇಕು. ಲೋಳೆ ಉಳಿದ್ರೆ ಹೊಸ ಡೀಸೆಲ್ಲೂ ಕೆಡುತ್ತೆ. ದಾರ ಬಿಡದಿರೋ ಹತ್ತಿ ಬಟ್ಟೆ ಬೇಕು’ ಅಂದಳು. ಧ್ವನಿ ಟಿಕೆಟ್ ಕಿಟಕಿಯಲ್ಲಿ ಇರುತ್ತದಲ್ಲ, ಹಾಗೇ ಇತ್ತು. ನನ್ನ ಅಂಗಡಿಯಲ್ಲಿ ಇರುವುದೆಲ್ಲ ತಾಡಪಾಲಿನ ಚೂರು, ಒರೆಸಲು ಬರುವುದಿಲ್ಲ. ಏನು ಮಾಡುವುದು ಅಂತ ನಾವು ನೋಡುತ್ತಿರುವಾಗ ಅಮ್ಮ ಸ್ಟೂಲಿನಿಂದ ಎದ್ದು ಮನೆ ಕಡೆ ನಡೆದಳು. ಸಿಟ್ಟು ಮಾಡಿಕೊಂಡು ಹೋದಳು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ತೋಳಿನ ಮೇಲೆ ಮಡಿಸಿದ ಬಟ್ಟೆಗಳ ಅಟ್ಟಿ ಹಿಡಿದು ಬಂದಳು. ನಿಮ್ಮ ಶರ್ಟುಗಳು. ಎಲ್ಲಕ್ಕಿಂತ ಮೇಲೆ ಆ ಆಕಾಶನೀಲಿ. ಕಾಲರಿನ ಹತ್ತಿರ ಹಲ್ಲಿನಿಂದ ಕಚ್ಚಿ, ಬೆನ್ನಿನ ನಡುವೆ ಉದ್ದಕ್ಕೆ ಪರ್ರನೆ ಹರಿದು, ಅಕ್ಕನ ಕೈಗೆ ಕೊಟ್ಟಳು. ‘ಒಳ್ಳೇ ಹತ್ತಿ. ಚೆನ್ನಾಗಿ ಹೀರ್ಕೊಳುತ್ತೆ’ ಅಂದಳು. ನಾನು ಹಾಕಿಕೊಟ್ಟಿದ್ದ ಗುಂಡಿಗಳನ್ನು ಮಾತ್ರ ಬಿಡಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು, ಗುಂಡಿಗಳು ಯಾವುದಕ್ಕಾದರೂ ಬರುತ್ತವೆ ಅಂತ.

ನೀವು ಆ ದೋಣಿಯನ್ನು ಒಂದು ದಿನವೂ ತೊಳೆದವರಲ್ಲ. ನಿಮ್ಮ ಶರ್ಟು ನಿಮಗಿಂತ ಕೆಲಸಗಾರ ಅಂತ ಅವತ್ತು ಗೊತ್ತಾಯಿತು. ಅಕ್ಕ ಮುಚ್ಚಳದ ತೂತಿನಿಂದ ಭುಜದವರೆಗೆ ಕೈ ಇಳಿಸಿ, ಮೂಲೆ ಮೂಲೆಯನ್ನೂ ನಿಮ್ಮ ತೋಳುಗಳಿಂದ, ನಿಮ್ಮ ಜೇಬುಗಳಿಂದ ಒರೆಸಿ ತೆಗೆದಳು. ಬಟ್ಟೆ ಕಲೆಯಿಲ್ಲದೆ ಹೊರಬರುವವರೆಗೂ ಬಿಡಲಿಲ್ಲ. ಅಮ್ಮ ಹರಿಯುತ್ತಲೇ ಇದ್ದಳು. ನಡುವೆ ಒಮ್ಮೆ, ಯಾರಿಗೆ ಅಂತಿಲ್ಲದೆ, ‘ನಾನು ಊರೆಲ್ಲ ಹೇಳ್ಕೊಂಡು ತಿರುಗಿದೆ’ ಅಂದಳು. ಅಮ್ಮನಿಗೆ ನೀವು ಮಾಡಿದ ಅವಮಾನ ಅದು, ಭಾವ. ಈ ವಯಸ್ಸಿನಲ್ಲಿ ಅವಳು ಮನೆ ಮನೆಗೆ ಹೋಗಿ ಹೇಳಿದ್ದನ್ನೆಲ್ಲ ವಾಪಸ್ ತೆಗೆದುಕೊಂಡು ಬರಬೇಕಾಯಿತು.

ನೀವು ಬಿಟ್ಟುಹೋದದ್ದನ್ನು ವಿಲೇವಾರಿ ಮಾಡುವುದೂ ಸುಲಭವಾಗಲಿಲ್ಲ. ಕೆಟ್ಟ ಎಣ್ಣೆ ತೆಗೆದುಕೊಳ್ಳುವ ಯಾರ್ಡಿಗೆ ಗಾಡಿ ಮಾಡಿಕೊಂಡು ಹೋದರೆ ಅಲ್ಲಿನ ಮನುಷ್ಯ ಡ್ರಮ್ಮಿಗೆ ಕೋಲು ಹಾಕಿ ಕಲಕಿ ಮುಖ ಸಿಂಡರಿಸಿದ. ‘ಏನಮ್ಮ ಇದು, ಡೀಸೆಲ್ಲಾ, ನೀರಾ? ಎರಡೂ ಅಲ್ಲ ಇದು. ಹೀಗೆ ಕಲಸಿರೋದನ್ನ ತಗೊಳ್ಳಲ್ಲ, ಬೇರೆ ಮಾಡ್ಕೊಂಡ್ ಬನ್ನಿ.’ ನಿಮ್ಮ ಬಗ್ಗೆ ಇಷ್ಟು ಚುಟುಕಾಗಿ ಯಾರೂ ಹೇಳಿರಲಿಲ್ಲ. ವಾಪಸ್ ತಂದು ನನ್ನ ಅಂಗಡಿಯ ಹಿಂದೆ ನೆರಳಲ್ಲಿ ನಿಲ್ಲಿಸಿದೆವು. ಅಲುಗಾಡಿಸದೆ ಬಿಟ್ಟರೆ ಎರಡೂ ತಾವಾಗಿಯೇ ಬೇರೆಯಾಗುತ್ತವೆ. ಕೆಲಸ ಮುಗಿಸಿ ಬಂದು ಅಕ್ಕ ಡ್ರಮ್ಮಿನ ಪಕ್ಕ ಸುಮ್ಮನೆ ಕೂರುತ್ತಿದ್ದಳು. ನಾನು ಮಿಷನ್ ತುಳಿಯುತ್ತಾ ಕಿಟಕಿಯಿಂದ ಅವಳ ಬೆನ್ನು ನೋಡುತ್ತಿದ್ದೆ. ಏನು ಯೋಚಿಸುತ್ತಿದ್ದಾಳೆ ಅಂತ ಹೆದರಿಕೆಯಾಗುತ್ತಿತ್ತು, ಯಾಕೆಂದರೆ ಅವಳ ಕ್ಷಮಿಸುವ ಚಟ ನನಗೆ ಚಿಕ್ಕಂದಿನಿಂದ ಗೊತ್ತು. ಮೂರನೆಯ ದಿನ ಎದ್ದು ಬಂದವಳು ಮಿಷನ್ನಿನ ಮೇಲೆ ಕೈಯಿಟ್ಟು ಹೇಳಿದಳು, ‘ಮ್ಯಾನೇಜರ್ ಹತ್ರ ಹೋಗಿ ಬಂದೆ. ಪಾಳಿ ನನ್ನ ಹೆಸರಿಗೇ ಹಾಕಿಸ್ದೆ.’ ನಾನು ಹೊಲಿಗೆ ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಅತ್ತುಬಿಡುತ್ತಿದ್ದೆ. ಅವತ್ತಿನ ಹೊಲಿಗೆ ಮಾತ್ರ ನಿಜವಾಗಿಯೂ ಓರೆಯಾಯಿತು.

ಮೆಕ್ಯಾನಿಕ್ ಬಂದು ಫಿಲ್ಟರ್ ಬದಲಿಸಿದ, ಪೈಪುಗಳಲ್ಲಿ ಸಿಕ್ಕಿಕೊಂಡಿದ್ದ ಗಾಳಿ ಬಿಡಿಸಿದ, ಹೊಸ ಡೀಸೆಲ್ ಹಾಕಿಸಿದ. ಅಕ್ಕ ಕೋಲು ಅದ್ದಲಿಲ್ಲ, ತಳದ ನಲ್ಲಿ ತಿರುಗಿಸಿ ಗಾಜಿನ ಬಾಟಲಿಯಲ್ಲಿ ಹಿಡಿದು ನೋಡಿದಳು. ಇನ್ನು ಮುಂದೆ ಅವಳು ಯಾವುದನ್ನೂ ಹಾಗೇ ನೋಡುತ್ತಾಳೆ ಅನಿಸಿತು. ಕ್ರೇನು ದೋಣಿಯನ್ನು ನೀರಿಗಿಳಿಸಿತು. ಕೀಲಿ ತಿರುಗಿಸಿದವಳು ಅಕ್ಕನೇ. ಇಂಜಿನ್ ಎರಡು ಸಲ ಕೆಮ್ಮಿ, ಬಿಳಿ ಹೊಗೆ ಉಗುಳಿ, ಮೂರನೆಯ ಸಲಕ್ಕೆ ಹಿಡಿದುಕೊಂಡಿತು. ನಿಮ್ಮ ಕೈಗೆ ಒಗ್ಗಿದ್ದ ಇಂಜಿನ್ನಂತೆ. ನಿಮ್ಮ ಕೈ ಯಾವುದು ಅಂತಲೂ ಅದಕ್ಕೆ ನೆನಪಿದ್ದಂತೆ ಕಾಣಲಿಲ್ಲ. ಅಂದು ಸಂಜೆ ನರ್ಸುಗಳು ಹತ್ತಿದರು, ಅಂಗಡಿಯ ಹುಡುಗಿಯರು ಚಪ್ಪಲಿ ಬಿಚ್ಚಿ ಕಾಲು ಚಾಚಿ ಕೂತರು, ಅಮ್ಮ ಮುಂದಿನ ಸೀಟಿನಲ್ಲಿ ಕೂತು ಹತ್ತಿದವರಿಗೆಲ್ಲ ‘ನನ್ನ ಮಗಳ ದೋಣಿ’ ಅಂತ ಹೇಳಿದಳು. ಆ ಮಾತನ್ನೂ ನುಣ್ಣಗೆ ಮಾಡುವವರೆಗೆ ಬಿಡುವವಳಲ್ಲ ಅವಳು.

ನಿಮ್ಮ ಬಗ್ಗೆ ನನ್ನನ್ನು ಕಾಡಿದ್ದು ಒಂದೇ ಪ್ರಶ್ನೆ. ಇಷ್ಟು ಮಾಡಿದವರು ಫೋನಿನಲ್ಲಿ ಯಾವ ಮುಖದಿಂದ ಟ್ಯಾಂಕಿನ ಮಾತೆತ್ತಿದಿರಿ? ಯೋಚಿಸಿ ನೋಡಿದರೆ ಉತ್ತರ ಸರಳವಾಗಿದೆ. ನಿಮಗೆ ಮರೆತೇಹೋಗಿದೆ. ಹೋದಲ್ಲೆಲ್ಲ, ಹೆಂಡತಿಗೆ ಟ್ಯಾಂಕ್ ತುಂಬಿಸಿಟ್ಟು ಬಂದವನು ನಾನು ಅಂತ ಹೇಳಿಕೊಂಡು, ಕೇಳಿದವರು ತಲೆದೂಗಿ, ಕೊನೆಗೆ ನೀವೂ ಅದನ್ನು ನಂಬಿಬಿಟ್ಟಿದ್ದೀರಿ. ನಿಮ್ಮ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ಈ ಕಾಗದ ಶುರು ಮಾಡಿದೆ. ಇಷ್ಟು ಬರೆಯುವಷ್ಟರಲ್ಲಿ ಅದೂ ಉಳಿದಿಲ್ಲ. ಸಿಟ್ಟಿಗೂ ಒಬ್ಬ ಮನುಷ್ಯ ಬೇಕಲ್ಲ.

ಕಾಗದಕ್ಕೆ ನಿನ್ನದೂ ಒಂದು ಮಾತು ಸೇರಿಸಲಾ ಅಂತ ಅಕ್ಕನನ್ನು ಕೇಳಿದೆ. ಪಾಳಿಗೆ ಹೊರಟಿದ್ದಳು. ಬಾಗಿಲಲ್ಲೇ ನಿಂತು ತಿರುಗಿದಳು. ‘ಅವತ್ತು ಕೋಲು ಎತ್ತಿ ತೋರಿಸ್ದಾಗ ನನ್ನ ಮುಖ ನೋಡಿದ್ರಾ ಅಂತ ಕೇಳು’ ಅಂದಳು. ಆಮೇಲೆ ಬೇಡ ಅಂತ ತಲೆಯಾಡಿಸಿದಳು. ಆ ಪ್ರಶ್ನೆಗೆ ಉತ್ತರ ನನಗೆ ಗೊತ್ತಿದೆ, ನಾನೂ ಅಲ್ಲಿದ್ದೆನಲ್ಲ. ನೀವು ಕೋಲನ್ನು ನೋಡುತ್ತಿದ್ದಿರಿ. ಮೆಟ್ಟಿಲು ಇಳಿಯುತ್ತಾ ಅವಳು ಇನ್ನೊಂದು ಮಾತು ಹೇಳಿದಳು, ಅದನ್ನೇ ಬರೆಯುತ್ತಿದ್ದೇನೆ. ‘ಬರೋದಾದ್ರೆ ಬರ್ಲಿ. ಸಂಜೆ ದೋಣಿ ಇದೆ. ಎಲ್ಲರ ಹಾಗೆ ಸಾಲಲ್ಲಿ ನಿಂತು ಟಿಕೆಟ್ ತಗೊಂಡ್ ಹತ್ತಲಿ. ಆಚೆ ದಡಕ್ಕೆ ಬಿಟ್ಟು ಬರ್ತೀನಿ.’

ನಾನು ಹೇಳಬೇಕಾದದ್ದು ಮುಗಿಯಿತು. ನಿಮಗೆ ಕೆಟ್ಟದ್ದಾಗಲಿ ಅಂತ ಹಾರೈಸುವವಳಲ್ಲ ನಾನು. ಇನ್ನು ಮುಂದೆ ನೀವು ಎಲ್ಲಿಗೇ ಹೋಗಿ, ಯಾರ ಮನೆಯ ಬಾಗಿಲನ್ನೇ ತಟ್ಟಿ, ನಿಮಗೆ ನಿಮ್ಮಷ್ಟೇ ಒಳ್ಳೆಯವರು ಸಿಗಲಿ.

ಇಂತಿ, ಇನ್ನು ನಿಮಗೆ ಏನೂ ಆಗಬೇಕಾಗಿಲ್ಲದ,
ಸೂಜಿ